ಸಂಪಿಗೆ ಮೂಗಿನ ಒಡಪು

ಬಬಲೇಶ್ವರ
ತಾ. ೧೪-೧೧-೧೯೪೧

ಜೀವದ ಗೆಳತಿ ಸಕೀನಾಳಿಗೆ,

ನಿನ್ನ ಗುರುಬಸವ್ವ ನೆನೆದು ನೆನೆದು ಬರೆಯುವ ಕಾಗದ. ಇಲ್ಲಿ ಎಲ್ಲರೂ ಸುಖವಾಗಿದ್ದೇವೆ. ವಿಜಾಪುರದಲ್ಲಿ ನೀನೂ ನಿನ್ನ ಮನೆಯವರೂ ಹಾಗೇ ಇರಬೇಕು. ಇಷ್ಟು ಓದುವಷ್ಟರಲ್ಲಿ ನೀನು ನನ್ನ ಬಸುರಿನ ಕುಬಸದ ಸುದ್ದಿ ಎಲ್ಲಿದೆ ಎಂದು ಕೆಳಗೆ ಕಣ್ಣು ಹಾಯಿಸಿರುತ್ತೀ, ಗೊತ್ತು. ಸೋಮವಾರ ಚೆನ್ನಾಗಿ ಆಯಿತು. ಅವ್ವ ಟಿಕೋಟಾದಿಂದ ಗಾಡಿ ತುಂಬ ಬುತ್ತಿ ಹೇರಿಕೊಂಡು ಬಂದಿದ್ದಳು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ. ನಾನು ಕೇಳಿದ್ದಕ್ಕೆ ನೀನು ಕಟ್ಟಿ ಕಳಿಸಿದ, ಗಂಡನ ಹೆಸರು ಹೇಳುವ ಒಡಪೂ ಮುಟ್ಟಿತ್ತು. ರೊಟ್ಟಿ ಬಡಿಯುತ್ತಲೇ ಅದನ್ನು ಬಾಯಿಪಾಠ ಮಾಡಿದ್ದೆ.

ಒಂದು ಮಾತು ನಿನಗೆ ಹೇಳಿರಲಿಲ್ಲ. ಬೇಸಿಗೆಯಿಂದ ನಾನು ಇವರ ಮೇಲೆ ಮುನಿದಿದ್ದೆ. ನಮ್ಮ ಮದುವೆಯಲ್ಲಿ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು ಹೆಸರು ಹೇಳೆಂದಾಗ ಇವರು ಹೇಳಿದ ಒಡಪು ನೆನಪಿದೆಯಲ್ಲ? ಸಂಪಿಗೆ ಮೂಗು, ಕಮಲದ ಕಣ್ಣು, ಹುಣ್ಣಿಮೆ ಮುಖದ ಗುರುಬಸವ್ವ ಎಂದಿದ್ದರು. ನೀನು ನನ್ನ ಪಕ್ಕೆಗೆ ತಿವಿದಿದ್ದೆ. ಇವರದು ಮಾತು ಕಡಿಮೆ. ಅಂಗಡಿಯಲ್ಲಿ ಬೆಲ್ಲ ತೂಗುವಾಗಲೂ ಗಿರಾಕಿಯೇ ಮಾತಾಡಬೇಕು. ಹೀಗಾಗಿ ಆ ಒಂದು ಒಡಪನ್ನೇ ವರ್ಷವಿಡೀ ಮನಸ್ಸಿನಲ್ಲಿಟ್ಟುಕೊಂಡು ಸುಖಪಟ್ಟಿದ್ದೆ.

ವೈಶಾಖದಲ್ಲಿ ಚಿಕ್ಕಪ್ಪನ ಮಗಳು ನೀಲಾಬಾಯಿಯ ಮದುವೆಗೆ ಟಿಕೋಟಾಕ್ಕೆ ಹೋದೆವು. ಅವಳ ಗಂಡ ಹೊಸ್ತಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದ್ದೇನು? ಸಂಪಿಗೆ ಮೂಗು, ಕಮಲದ ಕಣ್ಣು, ಹುಣ್ಣಿಮೆ ಮುಖದ ನೀಲಾಬಾಯಿ! ಹೆಂಗಸರೆಲ್ಲ ನನ್ನ ಕಡೆ ತಿರುಗಿ ಮುಸಿಮುಸಿ ನಕ್ಕರು. ನಿಮ್ಮ ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಒಬ್ಬ ಮುದುಕ ಮಾಸ್ತರರಿದ್ದಾರಂತೆ. ಎಲೆಯಡಿಕೆ, ತೆಂಗಿನಕಾಯಿ ಇಟ್ಟರೆ ಮದುವೆ ಗಂಡುಗಳಿಗೆಲ್ಲ ಒಡಪು ಬರೆದು ಕೊಡುತ್ತಾರಂತೆ. ಊರಿಗೆ ಮರಳುವಾಗ ಗಾಡಿಯಲ್ಲಿ ಇವರನ್ನು ಕೇಳಿಯೇಬಿಟ್ಟೆ. ಎತ್ತಿನ ಬಾಲ ನೋಡುತ್ತ ಅಂದರು:

"ಅದರಾಗ ತಪ್ಪೇನೈತಿ? ಹೆಸರ ನಿಂದ ಹೇಳೇನಲ್ಲ."

"ನನ್ನ ಮೂಗ ಒಮ್ಮೆರ ನೋಡೀರೇನ್ರಿ?" ಎಂದು ಕೇಳಿ ನಾನು ಮುಖ ತಿರುಗಿಸಿದೆ.

ನನ್ನ ಮೂಗು ನಿನಗೆ ಗೊತ್ತೇ ಇದೆ. ಅದರ ಮೇಲೆ ನತ್ತು ಕೂಡ ಕಾಣುವುದಿಲ್ಲ ಎಂದು ಸಾಲೆಯಲ್ಲಿ ಕಾಡುತ್ತಿದ್ದವಳು ನೀನೇ. ಸಂಪಿಗೆಯಂತಿಲ್ಲವಲ್ಲ ಎಂದು ನಾನು ಅತ್ತವಳಲ್ಲ. ಆದರೆ ಕೈಹಿಡಿದವರು ನನ್ನನ್ನು ಒಮ್ಮೆಯಾದರೂ ಕಣ್ಣಿಟ್ಟು ನೋಡಿದ್ದಾರೋ, ಇಲ್ಲಾ ಮನೆಗೆ ಯಾವಳೋ ಒಬ್ಬ ಸೊಸೆ ಬಂದಳು ಎಂದು ಸುಮ್ಮನಿದ್ದಾರೋ ಎಂಬ ಸಂಕಟ ನನ್ನನ್ನು ಕೊರೆಯತೊಡಗಿತು. ಅಂದಿನಿಂದ ಬೇಕಾದಷ್ಟೇ ಮಾತು, ಬಡಿಸುವಷ್ಟೇ ಬಡಿಸುವುದು.

ಇನ್ನು ಕುಬಸದ ದಿನ. ಆರತಿ ಮುಗಿದು ನಮ್ಮಿಬ್ಬರನ್ನೂ ಜೋಡಿಯಾಗಿ ಊಟಕ್ಕೆ ಕೂರಿಸಿದರು. ಸೋದರತ್ತೆ ಹನಮವ್ವ ಇವರ ತಟ್ಟೆಗೆ ಕೈ ಅಡ್ಡ ಹಿಡಿದು, ಹೆಸರು ಹೇಳದ ಹೊರತು ತುತ್ತಿಲ್ಲ ಎಂದಳು. ಹಿಂದಿನ ವಾರವಷ್ಟೇ ಇವರು ಅಂಗಡಿ ಸಾಮಾನಿಗೆಂದು ವಿಜಾಪುರಕ್ಕೆ ಹೋಗಿ ಬಂದಿದ್ದರು. ಮಾಸ್ತರರ ಮನೆಗೂ ಹೋಗಿಯೇ ಬಂದಿರುತ್ತಾರೆ, ಈ ಸಲ ನನಗೆ ಯಾರ ಮೂಗು ಬಂತೋ ಎಂದು ತಲೆ ತಗ್ಗಿಸಿ ಕೂತೆ. ಇವರ ಹಣೆಯ ಮೇಲೆ ಬೆವರು. ತಟ್ಟೆಯಲ್ಲಿನ ರೊಟ್ಟಿಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು:

"ಸುಟ್ಟ ರೊಟ್ಟಿ ತನಗಿಟ್ಟು ಉಬ್ಬಿದ ರೊಟ್ಟಿ ನನಗ ಹಾಕತಾಳ, ನಾ ನೋಡಿಲ್ಲಂತ ತಿಳಕೊಂಡಾಳ, ಚಪ್ಪಟಿ ಮೂಗಿನ ನನ್ನ ಗುರುಬಸವ್ವ."

ಮನೆಯೆಲ್ಲ ನಗುವೋ ನಗು. ಇದು ಹೆಸರು ಹೇಳುವುದೋ, ಒಲೆ ಮುಂದಿನ ಗುಟ್ಟು ಬೀದಿಗೆ ಹಾಕುವುದೋ ಎಂದು ಹನಮವ್ವ ಜಗಳಕ್ಕೇ ನಿಂತಳು. ಪ್ರಾಸ ಎಲ್ಲಿ ಎಂದು ಇನ್ನೊಬ್ಬಳು ಕೇಳಿದಳು. ನಮ್ಮ ಅತ್ತೆಯಂತೂ ಎದ್ದು ಹೋಗಿ ರೊಟ್ಟಿ ಬುಟ್ಟಿಯನ್ನೇ ತೆಗೆದು ನೋಡಿದರು. ಸಕೀನಾ, ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನಾಚಿಕೆಯಿಂದ ಎಂದು ಎಲ್ಲರೂ ತಿಳಿದರು. ನನಗೆ ಅಳು ಬಂದಿತ್ತು. ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಆಮೇಲೆ ನನ್ನ ಸರದಿ. ನಿನ್ನ ಒಡಪು ನಾಲಗೆಯ ತುದಿಗೇ ಇತ್ತು. ಅದರಲ್ಲಿ ಮುತ್ತು, ಹವಳ, ಗೋಳಗುಮ್ಮಟ ಎಲ್ಲ ಇದ್ದವು; ಇವರೊಬ್ಬರು ಇರಲಿಲ್ಲ. ಇವರನ್ನು ನೀನು ನೋಡಿದ್ದೇ ಮದುವೆಯಲ್ಲಿ ಒಂದು ಸಲ, ನೀನಾದರೂ ಏನು ಮಾಡುತ್ತೀ? ಎರವಲು ಒಡಪೆಂದು ಗಂಡನ ಮೇಲೆ ಮುನಿದವಳು ತಾನೇ ಗೆಳತಿಯಿಂದ ಎರವಲು ತಂದು ಕೂತಿದ್ದಳಲ್ಲ ಎಂದು ನೀನು ನಗುವ ಮೊದಲೇ ನಾನು ನಕ್ಕು ಮುಗಿಸಿದ್ದೇನೆ. ಅದನ್ನು ಹೇಳಲಿಲ್ಲ, ಸಿಟ್ಟಾಗಬೇಡ. ಈಗ ಅತ್ತೆ ದಿನಾ ಎದುರಿಗೆ ಕೂತು ಉಬ್ಬಿದ ರೊಟ್ಟಿ ನನಗೇ ಹಾಕಿಸುತ್ತಾರೆ. ಸುಟ್ಟದ್ದು ಇವರ ಪಾಲಿಗೆ. ಇವರು ತುಟಿಪಿಟಕ್ಕೆನ್ನದೆ ತಿನ್ನುತ್ತಾರೆ.

ಬಾಣಂತನಕ್ಕೆ ಟಿಕೋಟಾಕ್ಕೆ ಬಂದಾಗ ನೀನು ಬರಲೇಬೇಕು.

ನಿನ್ನ ಚಪ್ಪಟೆ ಮೂಗಿನ
ಗುರುಬಸವ್ವ

ತಾ. ಕ.: ಹಾಗಾದರೆ ಏನು ಹೇಳಿದೆ ಎಂದು ಕೇಳದೆ ಬಿಡುವವಳಲ್ಲ ನೀನು. ಹೆಸರು ಬರೆಯಲು ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ, ಓದಿ ಮಡಚಿಡು.

"ಸಂತಿಯಿಂದ ಪೇರಲ ತಂದು ಮಾಡದಾಗ ಇಡತಾರ,
ಯಾರ ಇಟ್ಟರಂದರ ಬೆಕ್ಕ ಇಟ್ಟೀತು ಅಂತಾರ,
ಕೆಮ್ಮಿ ಒಳಗ ಬರತಾರ ನಮ್ಮ ಶಿವಯೋಗೆಪ್ಪನವರ."

ಆ ದಿನ ಇವರ ಕಿವಿ ಕೆಂಪಾದದ್ದನ್ನು ನೀನು ನೋಡಬೇಕಿತ್ತು. ಇವತ್ತು ಬೆಳಿಗ್ಗೆ ಗೋಡೆಯ ಮಾಡದಲ್ಲಿ ಕೈಹಾಕಿದರೆ ಪೇರಲ ಹಣ್ಣು ಒಂದಲ್ಲ, ಎರಡಿದ್ದವು. ಒಂದು ದೊಡ್ಡದು, ಒಂದು ತೀರ ಸಣ್ಣದು. ಸಣ್ಣದು ಯಾರಿಗೆ ಎಂದು ಕೇಳಿದೆ. ಬೆಕ್ಕಿಗೆ ಗೊತ್ತು ಎಂದು ಅಂಗಡಿಗೆ ಹೋದರು.