ಅಮ್ಮನ ಅಂಗಡಿಯ ವೆಬ್‌ಸೈಟ್

ತಮ್ಮಾ,

ನೀನು ಏಳುವ ಮೊದಲೇ ಕೆಲಸಕ್ಕೆ ಹೊರಟಿದ್ದೇನೆ. ಅಮ್ಮನ ಹೊಲಿಗೆ ಅಂಗಡಿಯ ವೆಬ್‌ಸೈಟ್ ಇರುವ ಕಂಪನಿ ಶನಿವಾರ ಬಾಗಿಲು ಹಾಕುತ್ತಿದೆ. ಅಷ್ಟರೊಳಗೆ ಬೇರೆ ಹೋಸ್ಟಿಂಗ್ ಕಂಪನಿ ಆರಿಸಿ ಎಲ್ಲವನ್ನೂ ಅಲ್ಲಿಗೆ ಸಾಗಿಸು. ನಾಳೆ, ನಾಡಿದ್ದು ಎಂದು ತಳ್ಳಬೇಡ.

ಬಿಟ್ಟಿ ಸಿಗುವುದು ಬೇಡ; ಅದರಲ್ಲಿ ಅಮ್ಮನ ಫೋಟೊದ ಮೇಲೆಯೇ ಜಾಹೀರಾತು ಬಂದು ಕೂರುತ್ತದೆ. ದೊಡ್ಡ ಪ್ಲಾನೂ ಬೇಡ, ಎಲ್ಲಕ್ಕಿಂತ ಚಿಕ್ಕದು ಸಾಕು. ಮೊದಲು ಫೋಟೊಗಳನ್ನೆಲ್ಲ ಇಳಿಸಿಟ್ಟುಕೋ. ಪಾಸ್‌ವರ್ಡ್ ಅಮ್ಮನ ಅಳತೆ ಪುಸ್ತಕದ ಕೊನೆಯ ಪುಟದಲ್ಲಿದೆ.

"ಅಮ್ಮನೇ ಹೋದ ಮೇಲೆ ಅದನ್ನ ಯಾರು ನೋಡ್ತಾರಕ್ಕ, ಮುಚ್ಚಿಬಿಡೋಣ" ಅಂದೆಯಲ್ಲ? ಸಿಟ್ಟು ಬಂದು, ಸೈಟನ್ನು ಯಾರು ಯಾವಾಗ ನೋಡಿದ್ದಾರೆಂಬ ಲೆಕ್ಕವನ್ನು ನಿನ್ನೆ ತೆಗೆದು ನೋಡಿದೆ. ನಾಲ್ಕು ತಿಂಗಳಿಂದ ದಿನವೂ ಒಬ್ಬರೇ ಒಬ್ಬರು ನೋಡುತ್ತಿದ್ದಾರೆ, ಬೆಳಿಗ್ಗೆ ಆರಕ್ಕೆ. ನೀನೇ ಇರಬೇಕೆಂದುಕೊಂಡೆ.

ಇವತ್ತು ಆರಕ್ಕೆ ಎದ್ದು ಬಂದರೆ ಅಪ್ಪ ಅಡುಗೆಮನೆಯಲ್ಲಿ ಫೋನ್ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಮುಖ ತಿರುಗಿಸಿಕೊಂಡರು. ಆಮೇಲೆ ಮೆಲ್ಲಗೆ, "ಅಂಗಡಿ ತೆಗೆದಿದೆ ಅಂತ ಇನ್ನೂ ಬರೆದಿದೆ ಕಣಮ್ಮ" ಎಂದರು.

ಆ ಸಾಲನ್ನು ಮಾತ್ರ ಮುಟ್ಟಬೇಡ. ಅಳಿಸುವುದಿದ್ದರೆ ಅಪ್ಪನೇ ಹೇಳಲಿ.

ಅಕ್ಕ