ಹಗ್ಗ ಕೊಯ್ಯುವಂಥ ಚಾಕು

ಆದೀಶ,

ಹೊಸ ಚಾಕು ತರಲು ಹಾಸನಕ್ಕೆ ಹೊರಟಿದ್ದೇನೆ. ಅಲಗು ದಪ್ಪಗಿರಬೇಕು, ಬಿಚ್ಚಿದ ಮೇಲೆ ಮಡಚಿಕೊಳ್ಳದ ಹಾಗೆ ಲಾಕ್ ಇರಬೇಕು. ಐನೂರರೊಳಗೆ ಸಿಗುತ್ತದಂತೆ. ಅಂಗಡಿಯಲ್ಲೇ ನೈಲಾನ್ ಹಗ್ಗ ಕೊಯ್ದು ನೋಡಿ ತರುತ್ತೇನೆ.

ಅನ್ನ, ಸಾರು ಒಲೆಯ ಮೇಲಿದೆ. ಮೂರು ದಿನವಾಯಿತು, ಇವತ್ತಾದರೂ ಉಣ್ಣು. ಬೆರಳಿನ ಕಟ್ಟು ನೆನೆಸಬೇಡ.

ತಪ್ಪು ನಿನ್ನದಲ್ಲ. ಹಳೆಯ ಚಾಕು ಕೊಂಡವಳು ನಾನು. ಶಾಂತಿಗ್ರಾಮದ ಅಂಗಡಿಯವನು, "ಗಟ್ಟಿದು ತಕ್ಕಳವ್ವ, ಇದು ಮಡಚ್ಕತದೆ" ಅಂದ. "ಜೇಬಲ್ಲಿಟ್ಕಳಕ್ಕೆ ಇಷ್ಟು ಸಾಕು ಬುಡಣ್ಣ" ಅಂದೆ. ಕೆಂದಿ ಹಸುವಿನ ಕೊರಳಿಗೆ ಹಗ್ಗ ಸುತ್ತಿಕೊಂಡು ಅವಳು ಕೊಟ್ಟಿಗೆಯಲ್ಲಿ ಒದ್ದಾಡುವಾಗ ಅದೇ ಚಾಕು ನಿನ್ನ ಕೈಯಲ್ಲಿ ಮಡಚಿಕೊಂಡು, ಹಗ್ಗ ಬಿಟ್ಟು ಬೆರಳು ಕೊಯ್ಯಿತು. "ಕುಯ್ತಾನೇ ಇಲ್ಲ ಕಣಕ್ಕಾ!" ಎಂದು ನೀನು ಕೂಗಿದೆ. ನಾನು ಕುಡುಗೋಲು ಹುಡುಕಿ ತರುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಹಾಲಿನ ಕ್ಯಾನು ತೊಳೆದು ಅಟ್ಟದ ಮೇಲೆ ಹಾಕಿದ್ದೇನೆ. ಇಳಿಸಬೇಡ.

ಇದ್ದದ್ದೇ ಒಂದು ಹಸು, ಇನ್ನು ಚಾಕು ಯಾರಿಗೆ ಎಂದು ನೀನು ಕೇಳುತ್ತೀಯ. ಯಾರಿಗೂ ಅಲ್ಲ. ಅಡುಗೆಮನೆಯ ಕಿಟಕಿಯಿಂದ ಕೊಟ್ಟಿಗೆ ಕಾಣುತ್ತದೆ ಕಣೋ, ಒಳಗೆ ನಿಲ್ಲಲು ಆಗುತ್ತಿಲ್ಲ.

ಜಿನಕ್ಕ