ಮೂರು ತಿಂಗಳಾಗಿದ್ದು ಕೆಮ್ಮಿಗೆ

ಸ್ಕ್ಯಾನಿಂಗ್ ಯಂತ್ರಗಳಿಗೆ ಅನುಮತಿ ಕೊಡುವ, ಬೇಕೆನಿಸಿದಾಗ ಬೀಗವನ್ನೂ ಹಾಕುವ ಮಾನ್ಯ ಅಧಿಕಾರಿಗಳೇ,

ಮುತ್ತಿ ಗರ್ಭಿಣಿಯಲ್ಲ ಎಂದು ಮೂತ್ರ ಪರೀಕ್ಷೆಯಲ್ಲಿ ಮೊನ್ನೆ ಮಂಗಳವಾರ ಎರಡನೇ ಬಾರಿ ಖಚಿತವಾಗಿದೆ. ನಿಮ್ಮ ದಾಖಲೆಯಲ್ಲಿ ಮಾತ್ರ ಅವಳಿಗೆ ಈಗ ನಾಲ್ಕನೇ ತಿಂಗಳು. ಎರಡೂ ಸುದ್ದಿಯನ್ನು ತಂದವರು ಹಾಡಿಯ ಆಶಾ ಕಾರ್ಯಕರ್ತೆ ಪವಿತ್ರಾ. ಒಂದು ಕೈಯಲ್ಲಿ ಪರೀಕ್ಷೆಯ ಚೀಟಿ, ಇನ್ನೊಂದು ಕೈಯಲ್ಲಿ ಮುತ್ತಿಯ ಹೆಸರಿನ ತಾಯಿ ಕಾರ್ಡ್ ಹಿಡಿದು ನಮ್ಮ ಮನೆ ಜಗಲಿಯಲ್ಲಿ ಕೂತರು. ಯಾವುದನ್ನು ನಂಬಬೇಕೆಂದು ತಾವೇ ತಿಳಿಸಬೇಕು.

ಮುತ್ತಿ, ಹನಗೋಡಿನಿಂದಾಚೆ ಕಾಡಂಚಿನ ಆದಿವಾಸಿ ಹಾಡಿಯಲ್ಲಿರುವ ನಿಂಗನ ಮಗಳು. ಇಪ್ಪತ್ತು ವರ್ಷ. ಮದುವೆಯಾಗಿಲ್ಲ. ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದವಳು ಕೆಮ್ಮು, ಸಂಜೆ ಜ್ವರ, ಬಲಪಕ್ಕೆಯ ನೋವು ಅಂತ ಮನೆ ಸೇರಿದಳು. ಕಫವೇ ಬರುತ್ತಿರಲಿಲ್ಲ, ಹಾಗಾಗಿ ಕ್ಷಯವೋ ಅಲ್ಲವೋ ಎಂದು ಕಫ ಪರೀಕ್ಷೆಯಿಂದ ತಿಳಿಯಲಿಲ್ಲ. ಅಷ್ಟರಲ್ಲಿ ನಮ್ಮ ಭಾಗದ ಆಸ್ಪತ್ರೆಗೆ ಅಂಗೈಯಲ್ಲಿ ಹಿಡಿಯುವಂಥ ಅಲ್ಟ್ರಾಸೌಂಡ್ ಯಂತ್ರ ಬಂತು. ಅದೊಂದೇ ಕ್ಷಯವನ್ನು ಖಚಿತಪಡಿಸುವುದಿಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರು. ಆದರೆ ಶ್ವಾಸಕೋಶದ ಸುತ್ತ ನೀರು ನಿಂತಿದೆಯೇ, ಯಾರನ್ನು ಮುಂದಿನ ಪರೀಕ್ಷೆಗೆ ತಡಮಾಡದೆ ಕಳಿಸಬೇಕು ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ತೊಂದರೆ ಶುರುವಾದದ್ದು ಹೆಸರಿನಿಂದ. ನಮ್ಮಲ್ಲಿ ಸ್ಕ್ಯಾನಿಂಗ್ ಎಂದರೆ ಬಸುರಿಯರಿಗೆ ಮಾಡುವುದು, ಬೇರೆ ಅರ್ಥವಿಲ್ಲ. 'ಸ್ಕ್ಯಾನಿಂಗ್‌ಗೆ ಹಾಜರಾಗಿ' ಎಂಬ ಚೀಟಿ ಬಂದ ದಿನ ನಿಂಗ ಅದನ್ನು ಮಡಚಿ ಸೂರಿಗೆ ಸಿಕ್ಕಿಸಿಬಿಟ್ಟ. ನಾನು ಹೋಗಿ, ಇದು ಹೊಟ್ಟೆಯದಲ್ಲ, ಎದೆಯದು ಎಂದು ಎರಡು ದಿನ ಹೇಳಬೇಕಾಯಿತು. "ಟೀಚರಮ್ಮ ಯೋಳ್ತಾವ್ರೆ, ಓಗು ಮಗ" ಎಂದು ಕಳಿಸಿಕೊಟ್ಟ. ಆ ನಂಬಿಕೆಗೆ ಏನಾಯಿತು ಎಂದು ಹೇಳಲೇ ಈ ಪತ್ರ.

ಆಸ್ಪತ್ರೆಯ ಕಿಟಕಿಯಲ್ಲಿ ಕೂತಿದ್ದವರು ತಲೆ ಎತ್ತದೆ ಕೇಳಿದರು: "ಎಷ್ಟು ತಿಂಗಳಮ್ಮ?"

"ಮೂರು ತಿಂಗ್ಳಾಯ್ತು ಕಣಕ್ಕ" ಎಂದಳು ಮುತ್ತಿ. ಅವಳು ಹೇಳಿದ್ದು ಕೆಮ್ಮಿನ ಲೆಕ್ಕ.

"ಗಂಡ ಬಂದಿಲ್ವ?"

"ಇಲ್ಲ ಕಣಕ್ಕ, ಟೀಚರಮ್ಮ ಬಂದವ್ರೆ."

ಎದೆಯ ಪರೀಕ್ಷೆಗೆ ಬೇರೆ ನಮೂನೆ ಇರಲಿಲ್ಲ. ಗರ್ಭಿಣಿಯರ ನಮೂನೆಯನ್ನೇ ತುಂಬಿದರು. ಮಗು ಗಂಡೋ ಹೆಣ್ಣೋ ತಿಳಿಯಲು ಬಯಸುವುದಿಲ್ಲ ಎಂಬ ಹೇಳಿಕೆಯ ಕೆಳಗೆ ಮುತ್ತಿ ಸಹಿ ಹಾಕಿದಳು. ಪಕ್ಕದಲ್ಲಿ ನಾನೂ ಹಾಕಿದೆ, ಓದದೆ. ಓದಿ ಸಹಿ ಮಾಡಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಆ ತಪ್ಪು ನನ್ನದು, ಒಪ್ಪುತ್ತೇನೆ. ನಿಮ್ಮ ಕಚೇರಿಯ ಪಾಲಿನ ತಪ್ಪನ್ನು ಒಪ್ಪುವವರು ಯಾರು?

ಒಳಗೆ ವೈದ್ಯರು ಯಂತ್ರವನ್ನು ಅವಳ ಪಕ್ಕೆಗೆ ಇಟ್ಟು ನೋಡಿದರು. ಬಲಗಡೆ ನೀರು ತುಂಬಿತ್ತು. ಎಕ್ಸ್‌ರೇ ತೆಗೆಸಿ, ನೀರನ್ನು ಪರೀಕ್ಷಿಸಿ ಎಂದು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿಯ ಕಂಪ್ಯೂಟರ್ 'ಮೂರು ತಿಂಗಳ ಗರ್ಭಿಣಿ' ಎಂದಿತು. ಗರ್ಭಿಣಿಯಾಗಿದ್ದರೂ ಹೊಟ್ಟೆಗೆ ರಕ್ಷಣೆ ಕೊಟ್ಟು ಎದೆಯ ಎಕ್ಸ್‌ರೇ ತೆಗೆಯಬಹುದಂತೆ. ತೆಗೆಯಲಿಲ್ಲ. ಎಕ್ಸ್‌ರೇ ಇಲ್ಲದೆ ನೀರನ್ನೂ ತೆಗೆಯಲಿಲ್ಲ. ಇತ್ತ ತಾವು, ಗಂಡನ ಹೆಸರಿಲ್ಲದ ಗರ್ಭಿಣಿಯನ್ನು ಅನುಮತಿಯಿಲ್ಲದ ಕೋಣೆಯಲ್ಲಿ ಸ್ಕ್ಯಾನ್ ಮಾಡಿದ್ದಾರೆಂದು ಯಂತ್ರಕ್ಕೆ ಮೊಹರು ಒತ್ತಿಸಿದಿರಿ. ಆ ಯಂತ್ರದ ಪರೀಕ್ಷೆಗೆ ಕಾದಿದ್ದ ಹನ್ನೊಂದು ಮಂದಿ ಕೆಮ್ಮುತ್ತಲೇ ಮನೆಗೆ ಹೋದರು.

ಹೆಣ್ಣು ಭ್ರೂಣವನ್ನು ಉಳಿಸುವ ಕಾನೂನಿಗೆ ನನ್ನ ತಕರಾರಿಲ್ಲ. ಅದು ಬೇಕು, ಇನ್ನೂ ಬಿಗಿಯಾಗಲಿ. ಆದರೆ ಹುಟ್ಟಿ ಇಪ್ಪತ್ತು ವರ್ಷವಾದ ಹೆಣ್ಣುಮಗಳೊಬ್ಬಳು ಉಸಿರಾಡಲು ಕಷ್ಟಪಡುತ್ತಿರುವಾಗ, ಇಲ್ಲದ ಮಗುವಿಗೆ ಕಾವಲು ಕೂತಿದ್ದೀರಲ್ಲ, ಇದು ಯಾವ ಕಾನೂನಿನಲ್ಲಿದೆ?

ಹಾಡಿಯ ನಲ್ಲಿ ಹತ್ತಿರ ಜನ ಸುಮ್ಮನಿಲ್ಲ. "ಏನ್ಲಾ ನಿಂಗ, ತಾತ ಆಯ್ತೀಯಂತೆ" ಎಂದು ಕೇಳಿದವರಿಗೆ ನಿಂಗ, "ನಂಗೂ ಕೆಮ್ಮದೆ ಕಣ್ಲಾ, ನಂಗೂ ಒಂದು ತಾಯಿ ಕಾರ್ಡ್ ಕೊಡ್ಸು" ಎಂದನಂತೆ. ಎಲ್ಲರೂ ನಕ್ಕರು. ಮುತ್ತಿ ಆವತ್ತಿನಿಂದ ನೀರಿಗೆ ಹೋಗಿಲ್ಲ. ಹೋಗಲು ಆಗುವುದೂ ಇಲ್ಲ. ಹಾಡಿಯಿಂದ ಬಸ್ಸಿನ ರಸ್ತೆಗೆ ಬರುವಷ್ಟರಲ್ಲಿ ಈಗ ಎರಡು ಕಡೆ ಕೂರುತ್ತಾಳೆ.

ದಾಖಲೆ ತಿದ್ದಿ ಎಂದು ಅರ್ಜಿ ಕೊಟ್ಟೆವು. ಗರ್ಭ ಹೋಗಿದ್ದರೆ ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು, ಇಲ್ಲವಾದರೆ ಹೆರಿಗೆಯವರೆಗೆ ಹೆಸರು ತೆಗೆಯಲು ಬರುವುದಿಲ್ಲ ಎಂದು ನಿಮ್ಮ ಕಚೇರಿಯ ಉತ್ತರ. ಇಲ್ಲದ್ದು ಹೋಯಿತೆಂದು ಯಾವ ವೈದ್ಯರು ಬರೆದುಕೊಡಬೇಕು?

ನಾನು ಕೇಳುತ್ತಿರುವುದು ಇಷ್ಟು. ಮುತ್ತಿಯ ಹೆಸರನ್ನು ಈ ವಾರವೇ ಆ ಪಟ್ಟಿಯಿಂದ ತೆಗೆಯಿರಿ, ಅವಳ ಎದೆಯ ನೀರಿನ ಪರೀಕ್ಷೆ ಆಗಲಿ. ಯಂತ್ರದ ಮೊಹರು ಒಡೆಯಿರಿ. ಎದೆಯ ಪರೀಕ್ಷೆಗೆ ಬೇರೆ ನಮೂನೆ ಮಾಡಿಸಿ, ಅದರಲ್ಲಿ 'ಕೆಮ್ಮು ಎಷ್ಟು ತಿಂಗಳಿಂದ' ಎಂದು ಪೂರ್ತಿಯಾಗಿ ಅಚ್ಚು ಹಾಕಿಸಿ.

ಎಕ್ಸ್‌ರೇಗೆ ಇನ್ನೂ ದಿನ ನಿಗದಿಯಾಗಿಲ್ಲ. ಪವಿತ್ರಾ ಅವರ ಮೊಬೈಲಿಗೆ ಬಂದಿರುವ ಸಂದೇಶದ ಪ್ರಕಾರ, ಮುಂದಿನ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಮುತ್ತಿಗೆ ಗರ್ಭಿಣಿಯರ ಧನುರ್ವಾಯು ಚುಚ್ಚುಮದ್ದು.

ಇಂತಿ,
ನಿಮ್ಮ ನಮೂನೆಯಲ್ಲಿ ಮುತ್ತಿಯ ಅತ್ತೆ ಎಂದು ನಮೂದಾಗಿರುವ,
ಅವಳಿಗೆ ನಾಲ್ಕನೇ ತರಗತಿ ಕಲಿಸಿದ
ಸುನಂದಮ್ಮ, ಹನಗೋಡು